ಇಪ್ಪತ್ತು ಗುಂಟೆ ಎರೆಮಣ್ಣು

ನನ್ನ ಗಂಡ ತಿಪ್ಪೇಸ್ವಾಮಿಗೆ ಜಮೀನಿನ ಹುಚ್ಚು ಹತ್ತಿದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಬೇರೆ ಗಂಡಸರಿಗೆ ಆ ವಯಸ್ಸಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇಲ್ಲವೇ ದೇವರು ನೆನಪಾಗುತ್ತಾನೆ. ಇವರಿಗೆ ಬದನೆಕಾಯಿ ನೆನಪಾಯಿತು. ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೂಗುವುದು ಇವರ ಕೆಲಸ. ಇಪ್ಪತ್ತೈದು ವರ್ಷ ಕೂಗಿ ಕೂಗಿ ಮನೆಯಲ್ಲೂ ಅದೇ ಧಾಟಿ ಬಂದುಬಿಟ್ಟಿದೆ. "ಸ್ವಂತ ಹೊಲದ ಬದನೆಕಾಯಿಯ ರುಚಿಯೇ ಬೇರೆ, ದಯವಿಟ್ಟು ಗಮನಿಸಿ" ಎಂದು ಊಟದ ತಟ್ಟೆಯ ಮುಂದೆ ಸಾರಿದರು. ಬದನೆ ಗಿಡದಲ್ಲಿ ಬಿಡುತ್ತದೋ ಬಳ್ಳಿಯಲ್ಲಿ ಬಿಡುತ್ತದೋ ತಿಳಿಯದ ಮನುಷ್ಯ.

ಹಾಗಂತ ನನಗೆ ಜಮೀನು ಬೇಡವಾಗಿತ್ತೆಂದಲ್ಲ. ಹದಿನೆಂಟು ಮನೆಯ ವಠಾರದಲ್ಲಿ ಒಂದೇ ನಲ್ಲಿ. ಅದರ ಮುಂದೆ ಬಿಂದಿಗೆ ಹಿಡಿದು ನಿಂತು ನಿಂತು ನನ್ನ ಅರ್ಧ ಆಯುಷ್ಯ ಮುಗಿದಿತ್ತು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿದವಳು ನಾನು. ನನ್ನ ಹೊಲಿಗೆ ಮಿಷನ್ನು ಇಡಲು ಕಿಟಕಿ ಪಕ್ಕದಲ್ಲಿ ಒಂದು ಜಾಗವಿರಲಿಲ್ಲ. ಜಮೀನಿನ ಮೂಲೆಯಲ್ಲಿ ಎರಡು ಕೋಣೆಯ ಮನೆ, ನನ್ನದೇ ಬಾಗಿಲು, ನನ್ನದೇ ನೀರು. ಬೇಕಿತ್ತು. ತುಂಬಾ ಬೇಕಿತ್ತು. ಆದರೆ ಗಂಡನ ಮುಂದೆ ಅದನ್ನು ಒಪ್ಪಿಕೊಳ್ಳುವಷ್ಟು ಬುದ್ಧಿಗೇಡಿ ನಾನಲ್ಲ.

ನಮ್ಮ ಊರಿನಲ್ಲಿ ಮಣ್ಣು ಬರಿಗಾಲಿನ ಗುರುತು ಹಿಡಿಯುತ್ತದೆ. ಯಾರ ಪಾದ ತನ್ನ ಮೇಲೆ ಹೆಚ್ಚು ಓಡಾಡಿತೋ ಅವರು ವಾಸವಿರುವ ಕಡೆಗೆ, ಸುಗ್ಗಿ ಮುಗಿದ ಮೇಲೆ, ಸರಿಯುತ್ತದೆ. ಒಳ್ಳೆಯ ಮಣ್ಣು ಮಾತ್ರ. ಕಲ್ಲು, ಬೆಳೆ ಬಾರದ ಗೊರಚು ಇದ್ದಲ್ಲೇ ಬಿದ್ದಿರುತ್ತವೆ. ವರ್ಷಕ್ಕೆ ಹತ್ತು ಮಾರು, ಬಹಳವೆಂದರೆ ಇಪ್ಪತ್ತು. ಸರಿಯುವುದನ್ನು ಕಣ್ಣಾರೆ ಕಂಡವರಿಲ್ಲ. ಯುಗಾದಿಯ ಮಾರನೆಯ ದಿನ ಕಚೇರಿಯವರು ಹಗ್ಗ ಹಿಡಿದು ಬರುತ್ತಾರೆ, ಮಣ್ಣು ಯಾರ ಜಾಗದಲ್ಲಿ ನಿಂತಿದೆಯೋ ಅವರ ಹೆಸರಿಗೆ ಬರೆದುಕೊಂಡು ಹೋಗುತ್ತಾರೆ, ಪೆನ್ಸಿಲಿನಲ್ಲಿ. ಅದಕ್ಕೇ ರೈತರು ಹೊಲದಲ್ಲೇ ಮನೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು ದುಡಿದು, ಮಣ್ಣನ್ನು ಇದ್ದಲ್ಲೇ ಉಳಿಸಿಕೊಳ್ಳುತ್ತಾರೆ. ಇನ್ನೊಬ್ಬರ ಹೊಲಕ್ಕೆ ಬರಿಗಾಲಲ್ಲಿ ಇಳಿದವರನ್ನು ಕಳ್ಳರೆಂದೇ ಹಿಡಿಯುತ್ತಾರೆ. ಕೂಲಿಯವರಿಗೆ ಮಾಲೀಕರೇ ಗಂಬೂಟು ಕೊಡಬೇಕು, ಅವರು ಅದನ್ನು ಹಾಕಿಕೊಂಡೇ ಕಳೆ ಕೀಳಬೇಕು. ಬೂಟು ಹಾಕಿಕೊಂಡು ಕೆಸರಲ್ಲಿ ನಾಟಿ ಹಾಕುವುದು ಎಂಥ ಫಜೀತಿಯೆಂದು ಕೂಲಿಯವರು ಹೇಳುತ್ತಿದ್ದರು. ನಾವು ಯಾಕೆ ಕೇಳಿಸಿಕೊಳ್ಳಬೇಕು?

ಇನ್ನು ಊರೊಳಗಿನ ಮರ್ಯಾದಸ್ಥರು, ಅಂದರೆ ನಾವು. ನಮಗೆ ಜಮೀನೂ ಬೇಕು, ಹಿಮ್ಮಡಿಯೂ ಮೆತ್ತಗಿರಬೇಕು. ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯ ಕಾಲು ನೋಡುತ್ತಾರೆ. ಹಿಮ್ಮಡಿ ಒಡೆದಿದ್ದರೆ ಉಪ್ಪಿಟ್ಟು ಕೂಡ ಮುಟ್ಟದೆ ಎದ್ದು ಹೋಗುತ್ತಾರೆ. ನನ್ನನ್ನು ನೋಡಲು ಬಂದಾಗ ನನ್ನ ಅತ್ತೆ ನನ್ನ ಪಾದವನ್ನು ಕೈಯಲ್ಲಿ ಹಿಡಿದು ನೋಡಿ "ಬೆಣ್ಣೆ" ಎಂದಿದ್ದರು. ಆ ಒಂದು ಮಾತಿನ ಜಂಬದಲ್ಲಿ ಮೂವತ್ತು ವರ್ಷ ಬದುಕಿದವಳು ನಾನು. ಬಚ್ಚಲಿಗೂ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದೆ.

ಊರಾಚೆ ಗುರುಶಾಂತಪ್ಪನವರ ಹನ್ನೆರಡು ಎಕರೆ ಎರೆಭೂಮಿ. ಅದರಲ್ಲಿ ಉದ್ದನೆಯ ಒಂದು ತುಂಡು ಮಾರಾಟಕ್ಕಿದೆಯೆಂದು ಅವರು ಬಸ್ ನಿಲ್ದಾಣಕ್ಕೆ ಚೀಟಿ ಕಳಿಸಿದರು. ಅದನ್ನು ಮೈಕಿನಲ್ಲಿ ಓದಿದವರು ನಮ್ಮವರೇ. "ಫಲವತ್ತಾದ ಇಪ್ಪತ್ತು ಗುಂಟೆ, ಸುಲಭ ಕರಾರು, ಆಸಕ್ತರು ಸಂಪರ್ಕಿಸಿ." ಮೂರು ಸಲ ಓದಿದರು. ಮೂರನೆಯ ಸಲಕ್ಕೆ ತಮ್ಮ ದನಿಯನ್ನು ತಾವೇ ನಂಬಿ ಮೈಕು ಇಳಿಸಿ ಎದ್ದು ಬಂದರು.

ಅಂಥದೇ ತುಂಡುಗಳನ್ನು ನಮಗಿಂತ ಮುಂಚೆ ಐದು ಜನ ಕೊಂಡಿದ್ದರು, ಐದು ಜನವೂ ಕಳೆದುಕೊಂಡಿದ್ದರು. ಒಬ್ಬ ಹೋಟೆಲಿನವನು, ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಉಳಿದವರೂ ಅಂಥವರೇ. ಮೂರೇ ವರ್ಷದಲ್ಲಿ ಮಣ್ಣು ಕಾಲು ಕಿತ್ತು ಅವರ ಪಾಲಿಗೆ ಗೊರಚು ಉಳಿದಿತ್ತು. "ಅವರಿಗೆ ಮಣ್ಣು ಒಲೀಲಿಲ್ಲ" ಎಂದು ಊರು ಹೇಳಿತು. ನಾನೂ ಹೇಳಿದೆ. ಪೆದ್ದರ ಕೈಯಲ್ಲಿ ಏನು ತಾನೇ ನಿಲ್ಲುತ್ತದೆ?

ಗುರುಶಾಂತಪ್ಪನವರು ಜಗಲಿಯ ಮೇಲೆ ನಮ್ಮನ್ನು ಕೂರಿಸಿ ಪಾನಕ ಕೊಟ್ಟರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ತಾಯಿ ಎನ್ನುವ ಬಾಯಿ.

"ಮುಂಗಡ ಬೇಡ, ಬಡ್ಡಿ ಬೇಡ" ಎಂದರು. "ವರ್ಷಕ್ಕೊಂದು ಕಂತು ಕಟ್ಟಿ, ಬೆಳೆದಿದ್ರಲ್ಲಿ ಆರಕ್ಕೊಂದು ಪಾಲು ನನಗೆ ಕೊಡಿ. ಹತ್ತು ವರ್ಷ ಆದ್ಮೇಲೆ ಜಮೀನು ನಿಮ್ದೇ. ಕೆಲ್ಸಕ್ಕೂ ನಮ್ಮ ಆಳೇ ಬರ್ತಾಳೆ, ಅವಳ ಕೂಲೀನೂ ನಾನೇ ಕೊಡ್ತೀನಿ. ನೀವು ಸುಮ್ನೆ ಬಂದು ನೋಡ್ಕೊಂಡು ಹೋಗಿ."

"ಗಂಬೂಟು?" ಕೇಳಿದ್ದು ನಾನು.

"ಅಯ್ಯೋ ತಾಯಿ, ಗಂಬೂಟಿಲ್ದೆ ಆಳನ್ನ ಹೊಲಕ್ಕೆ ಇಳಿಸ್ತೀನಾ?" ಎಂದು ಅವರು ಹಿತ್ತಿಲ ಕಡೆ ಕೂಗಿದರು. ಕೆಂಚಕ್ಕ ಬಂದಳು. ಐವತ್ತು ದಾಟಿದ, ಒಣಗಿದ ಹೆಂಗಸು. ಗುರುಶಾಂತಪ್ಪನವರ ಹಿತ್ತಿಲ ಗುಡಿಸಲಲ್ಲಿ ಒಬ್ಬಳೇ ಇರುವವಳು. ಮಂಡಿಯವರೆಗೆ ಕಪ್ಪು ಗಂಬೂಟು ಹಾಕಿದ್ದಳು. ನಾನು ಮೇಲಿನಿಂದ ಕೆಳಗಿನವರೆಗೆ ನೋಡಿದೆ, ಮೂಗು ಮುರಿದೆ, ಸಮಾಧಾನವಾಯಿತು.

ಕರಾರಿನ ಕೊನೆಯಲ್ಲಿ ಒಂದು ಸಾಲಿತ್ತು. ಮೂರನೆಯ ಯುಗಾದಿಯ ಅಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣು ಎಲ್ಲೆಕಲ್ಲಿನ ಆಚೆ ಹೋಗಿದ್ದರೆ ಕರಾರು ರದ್ದು, ಕಟ್ಟಿದ ಕಂತು ವಾಪಸಿಲ್ಲ. "ಅದು ಬರೀ ಶಾಸ್ತ್ರಕ್ಕೆ" ಎಂದು ಗುರುಶಾಂತಪ್ಪನವರು ನಕ್ಕರು. ನಮ್ಮವರೂ ನಕ್ಕು, ತಮ್ಮ ಹೆಸರನ್ನು ಇನ್ಷಿಯಲ್ ಸಮೇತ ಉದ್ದಕ್ಕೆ ಬರೆದು ಕೆಳಗೆರಡು ಗೆರೆ ಎಳೆದರು.

ಭಾನುವಾರ ಬಂತೆಂದರೆ ನಮ್ಮದು ದಿಬ್ಬಣ. ಪ್ಲಾಸ್ಟಿಕ್ ಕುರ್ಚಿ ಒಂದು, ಕೊಡೆ ಒಂದು, ಕಾಫಿಯ ಫ್ಲಾಸ್ಕು. ಇವರು ಕಾಲುಚೀಲ, ಬೂಟ್ಸು ಹಾಕಿಕೊಂಡೇ ಬದುವಿನ ಮೇಲೆ ಕುರ್ಚಿ ಹಾಕಿ ಕುಳಿತು ಜಮೀನು ನೋಡುತ್ತಿದ್ದರು. ಸಿನಿಮಾ ನೋಡಿದಂತೆ ನೋಡುತ್ತಿದ್ದರು. ನಡುವೆ ಒಮ್ಮೆ "ಹುರುಳಿಕಾಯಿ ಬರುವ ಸೂಚನೆ ಇದೆ" ಎನ್ನುತ್ತಿದ್ದರು, ಅದು ಮೂರನೇ ಪ್ಲಾಟ್‌ಫಾರಂಗೆ ಬರುವುದೇನೋ ಎಂಬಂತೆ. ನಾನು ಕೊಡೆ ಹಿಡಿದು, ಸೆರಗೆತ್ತಿ, ಚಪ್ಪಲಿಗೆ ಮಣ್ಣು ಮೆತ್ತದ ಹಾಗೆ ನಿಲ್ಲುತ್ತಿದ್ದೆ. ಕೆಂಚಕ್ಕ ಒಬ್ಬಳೇ ಬಗ್ಗಿ ಕೆಲಸ ಮಾಡುತ್ತಿದ್ದಳು. ಆ ಮಣ್ಣು ಹೇಗಿತ್ತೆಂದರೆ, ಹೇಳಬಾರದು, ನನಗೂ ಒಮ್ಮೊಮ್ಮೆ ಕಣ್ಣು ತುಂಬುತ್ತಿತ್ತು. ಕಪ್ಪಗೆ, ಪುಡಿಪುಡಿಯಾಗಿ, ಬೀಜ ಬಿದ್ದರೆ ಸಾಕು ಎಂದು ಕಾಯುತ್ತಿರುವ ಮಣ್ಣು.

ಒಂದು ದಿನ ಕೆಂಚಕ್ಕ ತಲೆಯೆತ್ತಿ ಕರೆದಳು. "ಅಮ್ಮಾವ್ರೆ, ಚಪ್ಲಿ ಬಿಟ್ಟು ಒಂದ್ ಸುತ್ತು ಬನ್ನಿ. ಮಣ್ಣು ತಣ್ಣಗದೆ. ನಿಮ್ಮ ಕಾಲು ಸ್ವಲ್ಪ ಗೊತ್ತಾಗ್ಲಿ ಅದಕ್ಕೆ."

"ನಿನ್ನ ಕೆಲ್ಸ ನೀನು ನೋಡು" ಎಂದೆ. ಆಳು ನನಗೆ ಬುದ್ಧಿ ಹೇಳುವುದೇ?

ಅವಳು ಇನ್ನೂ ಎರಡು ಸಲ ಕರೆದಳು, ಒಮ್ಮೆ ನನ್ನನ್ನು, ಒಮ್ಮೆ ಇವರನ್ನು. ಇವರು ಬೂಟ್ಸಿನ ಲೇಸನ್ನು ಮುಟ್ಟಿ, ಯೋಚಿಸಿ, "ನೆಗಡಿಯಾಗುತ್ತೆ" ಎಂದರು. ಆಮೇಲೆ ಅವಳು ಕರೆಯಲಿಲ್ಲ.

ಮೊದಲನೆಯ ಯುಗಾದಿಗೆ ಊರ ಕಡೆಯ ಅಂಚಿನಲ್ಲಿ ಹತ್ತು ಮಾರು ಗೊರಚು ಎದ್ದು ಕಂಡಿತು. ಇನ್ನೊಂದು ಕಡೆ ನಮ್ಮ ಮಣ್ಣು ಎಲ್ಲೆ ದಾಟಿ ಗುರುಶಾಂತಪ್ಪನವರ ಹಿತ್ತಿಲಿಗೆ ಅಷ್ಟು ಹತ್ತಿರವಾಗಿತ್ತು. "ಗಾಳಿ" ಎಂದರು ನಮ್ಮವರು. ಎರಡನೆಯ ಯುಗಾದಿಗೆ ಮತ್ತೆ ಹದಿನೈದು ಮಾರು. "ಹೊಸ ಮಾಲೀಕರು ಅಂದ್ರೆ ಮಣ್ಣಿಗೆ ನಾಚಿಕೆ ಇರುತ್ತೆ ತಾಯಿ" ಎಂದರು ಗುರುಶಾಂತಪ್ಪನವರು. ಇವರು ಎಲ್ಲೆಕಲ್ಲುಗಳಿಗೆ ಬಿಳಿ ಸುಣ್ಣ ಬಳಿಸಿದರು, ಮುಳ್ಳುತಂತಿ ಹಾಕಿಸಿದರು. ಮಣ್ಣು ತಂತಿಯ ಅಡಿಯಿಂದ ಹೋಯಿತು. ಇನ್ನೊಂದು ಯುಗಾದಿ ಹೀಗೆಯೇ ಆದರೆ ಅರ್ಧ ದಾಟುತ್ತಿತ್ತು, ಜಮೀನು ಕೈಬಿಡುತ್ತಿತ್ತು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಬಾಗಿಲು, ಕಿಟಕಿ, ನಲ್ಲಿ ಎಲ್ಲ ವಠಾರದ ಸಾಲಿನಲ್ಲಿ ನಿಂತೇ ಕರಗಿಹೋಗುತ್ತಿತ್ತು. ಇವರನ್ನು ಬೈದೆ, ಗಾಳಿಯನ್ನು ಬೈದೆ, ಹೋಟೆಲಿನವನ ಕಣ್ಣು ಬಿತ್ತೆಂದು ಅವನನ್ನೂ ಬೈದೆ. ಚಪ್ಪಲಿ ಮಾತ್ರ ಬಿಡಲಿಲ್ಲ.

ಮೂರನೆಯ ವರ್ಷದ ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಕೆಂಚಕ್ಕ ಬದನೆಕಾಯಿಯ ಬುಟ್ಟಿ ಹೊತ್ತು ವಠಾರಕ್ಕೆ ಬಂದಳು. ಬೂಟು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದು ಬುಟ್ಟಿ ಇಳಿಸಿದಳು. ಬೂಟು ಬಾಗಿಲಿಗೆ ಅಡ್ಡವಾಗಿತ್ತು. ಅವಳ ಬೂಟನ್ನು ಕೈಯಲ್ಲಿ ಮುಟ್ಟುವುದುಂಟೇ? ಬಟ್ಟೆ ಒಣಹಾಕುವ ಕೋಲಿನಲ್ಲಿ ಎತ್ತಿದೆ. ಎತ್ತಿದರೆ ಬೂಟಿನೊಳಗಿಂದ ನನ್ನ ರಂಗೋಲಿ ಕಾಣಿಸಿತು.

ಬೂಟಿಗೆ ಅಡಿಯೇ ಇರಲಿಲ್ಲ. ಇನ್ನೊಂದಕ್ಕೂ ಇರಲಿಲ್ಲ. ಮಂಡಿಯಿಂದ ಪಾದದವರೆಗೆ ಬೂಟು, ಕೆಳಗೆ ಬರಿಗಾಲು. ಮೂರು ವರ್ಷ ಅವಳು ನಮ್ಮ ಹೊಲದಲ್ಲಿ ಬರಿಗಾಲಲ್ಲಿ ನಡೆದಿದ್ದಳು, ನಾವು ಕುರ್ಚಿ ಹಾಕಿ ಕುಳಿತು ಅದನ್ನು ನೋಡಿದ್ದೆವು.

ಬೂಟನ್ನು ಕೋಲಿಗೆ ಸಿಕ್ಕಿಸಿಕೊಂಡು ಬೀದಿಗಿಳಿದೆ. ಹಿಂದಿನಿಂದ ಕೆಂಚಕ್ಕ ಬರಿಗಾಲಲ್ಲಿ ಬಂದಳು. "ಕಳ್ಳಿ, ಮಣ್ಣುಗಳ್ಳಿ" ಎಂದು ಕೂಗುತ್ತಾ ನಡೆದೆ. ಗಂಡನ ದನಿ ಮೈಕಿನಲ್ಲಿ, ನನ್ನ ದನಿಗೆ ಮೈಕು ಬೇಕಿರಲಿಲ್ಲ. ಗುರುಶಾಂತಪ್ಪನವರ ಜಗಲಿ ಮುಟ್ಟುವ ಹೊತ್ತಿಗೆ ಅರ್ಧ ಊರು ಹಿಂದಿತ್ತು, ಹೋಟೆಲಿನವನು ಸೌಟು ಹಿಡಿದುಕೊಂಡೇ ಬಂದಿದ್ದ.

"ನೋಡಿ ಸ್ವಾಮಿ ನಿಮ್ಮ ಆಳಿನ ಬೂಟು" ಎಂದು ಅವರ ಮುಂದೆ ಎಸೆದೆ.

ಕೆಂಚಕ್ಕ ಅಳಲಿಲ್ಲ. "ಅವರೇ ಕುಯ್ದು ಕೊಟ್ಟಿದ್ದು ಅಮ್ಮಾವ್ರೆ" ಎಂದಳು. "ಹೋಟ್ಲೋರ ಕಾಲದಿಂದ್ಲೂ ಇದೇ ಬೂಟು. ಅವರ ಹನ್ನೆರಡು ಎಕರೆಗೂ ಇದೇ. ಅದಕ್ಕೇ ತಾನೇ ನಿಮಗೆ ಚಪ್ಲಿ ಬಿಡಿ ಅಂದಿದ್ದು."

ಗುರುಶಾಂತಪ್ಪನವರ ಮುಖ ಒಂದು ಗಳಿಗೆ ಬಿಳಿಚಿತು. ಬೂಟಿನ ಕೊಯ್ತ ನೋಡಿದೆ. ಸವೆದದ್ದಲ್ಲ. ಹರಿತವಾದ ಚಾಕು, ನಿಧಾನದ ಕೈ, ಒಂದೇ ಸುತ್ತು. ಬಟ್ಟೆ ಕತ್ತರಿಸುವವಳು ನಾನು, ಕೊಯ್ತ ನೋಡಿದರೆ ಗೊತ್ತಾಗುವುದಿಲ್ಲವೇ? ಅವಳ ಬಳಿ ಅಂಥ ಚಾಕು ಎಲ್ಲಿಂದ ಬರಬೇಕು? ಐದು ಜನರ ಮಣ್ಣು ಯಾರ ಹಿತ್ತಿಲಿಗೆ ಬಂತು, ಯಾಕೆ ಬಂತು, ಎಲ್ಲ ಆ ಒಂದು ಗಳಿಗೆಯಲ್ಲಿ ನನಗೆ ತಿಳಿಯಿತು.

ಅಷ್ಟರಲ್ಲಿ ಗುರುಶಾಂತಪ್ಪನವರು ಎದ್ದು ನಿಂತರು. "ಉಂಡ ಮನೆಗೆ ಹೀಗೆ ಮಾಡ್ತೀಯಾ ರಂಡೆ? ಈಗಿಂದೀಗ್ಲೇ ಗುಡಿಸ್ಲು ಖಾಲಿ ಮಾಡು" ಎಂದು ಅವಳ ಮೇಲೆ ಹಾರಿದರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ತಾಯಿ, ಇವಳು ಮಾಡಿದ ದ್ರೋಹಕ್ಕೆ ನಾನು ತಲೆ ಕೊಡ್ತೀನಿ. ಮೂರನೇ ಯುಗಾದಿ ಕರಾರು ಹರಿದು ಹಾಕ್ತೀನಿ. ಹತ್ತು ವರ್ಷ ಬೇಡ, ಇವತ್ತಿಂದ್ಲೇ ಜಮೀನು ನಿಮ್ದು. ಮೇಲೆ ಎರಡು ಗುಂಟೆ ಇರ್ಲಿ, ಅರಿಶಿನ ಕುಂಕುಮಕ್ಕೆ" ಎಂದರು.

ಇಪ್ಪತ್ತೆರಡು ಗುಂಟೆ. ಕೆಂಚಕ್ಕ ನನ್ನ ಮುಖ ನೋಡಿದಳು. ನಾನು ಕೊಯ್ತ ನೋಡಿದ್ದನ್ನು ಅವಳು ನೋಡಿದ್ದಳು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು, ಊರು ಗುರುಶಾಂತಪ್ಪನವರ ಪಂಚೆ ಎಳೆಯುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡೆ. "ಆಳುಗಳನ್ನ ನಂಬಬಾರ್ದು ಸ್ವಾಮಿ, ನೀವು ಒಳ್ಳೆಯವರು" ಎಂದೆ.

ಕೆಂಚಕ್ಕ ಎರಡು ಪಾತ್ರೆ, ಒಂದು ಚಾಪೆ, ಒಂದು ಕುಡುಗೋಲು ಎತ್ತಿಕೊಂಡು ಹೋದಳು. ಕೆರೆಯ ಆಚೆ ಯಾರಿಗೂ ಬೇಡದ ಕಲ್ಲುಬಯಲಿದೆ. ಅಲ್ಲಿ ನಾಲ್ಕು ಗಳ ನೆಟ್ಟು ಗರಿ ಹೊದಿಸಿಕೊಂಡಳೆಂದು ಸುದ್ದಿ ಬಂತು. ನಾನು ನಗುತ್ತಾ, ಮಿಷನ್ನಿನ ಮುಂದೆ ಕುಳಿತು, ಹೊಸ ಮನೆಯ ಕಿಟಕಿಗೆ ಪರದೆ ಹೊಲಿದೆ. ಇವರು ವಠಾರದವರಿಗೆಲ್ಲ ಇಪ್ಪತ್ತೆರಡು, ಇಪ್ಪತ್ತೆರಡು ಎಂದು ಘೋಷಿಸುತ್ತಾ ತಿರುಗಿದರು.

ಮೂರನೆಯ ಯುಗಾದಿಯ ಮಾರನೆಯ ದಿನ ಹೊಸ ಸೀರೆ ಉಟ್ಟುಕೊಂಡು, ಹಗ್ಗದವರ ಜೊತೆ, ಕೊಡೆ ಹಿಡಿದು ಹೊಲಕ್ಕೆ ಹೋದೆವು. ಹೊಲ ಇರಲಿಲ್ಲ. ಸುಣ್ಣ ಬಳಿದ ಕಲ್ಲುಗಳು ಇದ್ದವು, ಮುಳ್ಳುತಂತಿ ಇತ್ತು, ನಡುವೆ ಗೊರಚು. ಗುರುಶಾಂತಪ್ಪನವರು ತಲೆಗೆ ಟವೆಲ್ ಕೂಡ ಸುತ್ತದೆ ತಮ್ಮ ಹಿತ್ತಿಲಿನಿಂದ ಓಡಿ ಬಂದರು. ಅವರ ಹನ್ನೆರಡು ಎಕರೆಯೂ ಗೊರಚೇ. ಒಂದು ಹಿಡಿ ಎರೆಮಣ್ಣು ಉಳಿದಿರಲಿಲ್ಲ. ತುಳಸಿ ಕಟ್ಟೆಯೊಳಗಿನದೂ ಹೋಗಿತ್ತು. ಅದಕ್ಕೂ ಅವಳೇ ನೀರು ಹಾಕುತ್ತಿದ್ದಳಂತೆ.

ವರ್ಷಕ್ಕೆ ಇಪ್ಪತ್ತು ಮಾರು ದಾಟದ ಮಣ್ಣು, ಆ ವರ್ಷ ಕೆರೆಯನ್ನು ಬಳಸಿಕೊಂಡು ಮುಕ್ಕಾಲು ಮೈಲಿ ಹೋಗಿತ್ತು. ಕಲ್ಲುಬಯಲಿನ ಮೇಲೆ, ಆ ಗರಿಯ ಗುಡಿಸಲಿನ ಸುತ್ತ, ಮೊಣಕಾಲುದ್ದ ಕಪ್ಪಗೆ ಹರಡಿಕೊಂಡಿತ್ತು. ನಮ್ಮ ಬದನೆಯ ಕೂಳೆಗಳೂ ಅಲ್ಲಿದ್ದವು. ಹಗ್ಗದವರು ಅಳೆದರು, ಪೆನ್ಸಿಲು ಚೂಪು ಮಾಡಿಕೊಂಡು ಕೆಂಚಕ್ಕನ ಹೆಸರು ಬರೆದರು. ಮಣ್ಣು ನಿಂತ ಜಾಗದವರದು ಎಂಬ ಮಾತನ್ನು ಬದಲಿಸಲು ಯಾರಿಂದ ಆಗುತ್ತದೆ?

ಗುರುಶಾಂತಪ್ಪನವರು ಈಗ ದಿನಾ ಬೆಳಿಗ್ಗೆ ತಮ್ಮ ಗೊರಚಿನ ಮೇಲೆ ಬರಿಗಾಲಲ್ಲಿ ಸುತ್ತುತ್ತಾರೆ. ಹೆಜ್ಜೆಗೊಮ್ಮೆ "ಹಾ, ಹೂ" ಎನ್ನುತ್ತಾರೆ. ಕಲ್ಲಿಗೆ ಕಾಲಿನ ಗುರುತು ಹತ್ತುವುದಿಲ್ಲವೆಂದು ಅವರಿಗೆ ಯಾರೂ ಹೇಳಿಲ್ಲ, ನೋಡಲು ಮಜವಾಗಿರುತ್ತದಲ್ಲ. ನಮ್ಮವರು ಒಂದು ವಾರ ರಜೆ ಹಾಕಿ ಗೋಡೆಗೆ ಮುಖಮಾಡಿ ಮಲಗಿದರು. ಆಮೇಲೆ ಮೈಕಿಗೆ ವಾಪಸು ಹೋದರು. ಈಗ ಬಸ್ಸು ಹೊರಡುತ್ತದೆಂದು ಕೂಗಿದರೂ ಯಾರದೋ ಹೆಣ ಹೊರಡುತ್ತದೆಂಬಂತೆ ಕೇಳುತ್ತದೆ.

ಎರಡು ತಿಂಗಳು ತಡೆದೆ. ನಲ್ಲಿಯ ಮುಂದೆ ಸಾಲಿನಲ್ಲಿ ನಿಂತಾಗ ವಠಾರದವರು "ಇಪ್ಪತ್ತೆರಡು" ಎಂದು ಪಿಸುಗುಟ್ಟುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಕೆರೆ ದಾಟಿ ಹೋದೆ. ಏರಿಯಿಂದಲೇ ಕಾಣುತ್ತಿತ್ತು. ಬದನೆ, ಹುರುಳಿ, ಮೆಣಸಿನಕಾಯಿ, ಮಡಿಮಡಿಯಾಗಿ. ಹೊಟ್ಟೆ ಉರಿದುಹೋಯಿತು. ಕೆಂಚಕ್ಕ ಗುಡಿಸಲ ಮುಂದೆ ಕುಳಿತು ಕುಡುಗೋಲು ಮಸೆಯುತ್ತಿದ್ದಳು. ಅವಳ ಹೊಲದ ಅಂಚಿನಲ್ಲಿ ಚಪ್ಪಲಿ ಹಾಕಿಕೊಂಡು ನಿಂತೆ.

"ಕೆಂಚಕ್ಕನೋರೆ" ಎಂದೆ. ನನ್ನ ನಾಲಿಗೆಯಿಂದ ಆ "ನೋರೆ" ಹೊರಟಿದ್ದು ಅದೇ ಮೊದಲು. "ಒಂದು ಇಪ್ಪತ್ತು ಗುಂಟೆ ಕೊಡಿ. ಹತ್ತಾದ್ರೂ ಸರಿ. ಸುಲಭವಾಗಿ ಏನಾದ್ರೂ ಕರಾರು ಮಾಡಿಕೊಂಡು. ನಾನು ಚಪ್ಪಲಿ ಬಿಡ್ತೀನಿ, ದಿನಾ ಬರ್ತೀನಿ."

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಮಾರೋದಿಲ್ಲ ಅಮ್ಮಾವ್ರೆ" ಎಂದಳು. "ಕೆಲ್ಸ ಅದೆ, ಬೇಕಾದ್ರೆ. ಕಳೆ ತುಂಬ್ಕೊಂಡದೆ, ನನ್ನೊಬ್ಬಳ ಕೈಲಾಗ್ತಿಲ್ಲ. ಕೂಲಿ ಕೊಡ್ತೀನಿ. ನೀರು ನಿಮಗೆ ಎಷ್ಟು ಬೇಕೋ ಹೊತ್ಕೊಂಡು ಹೋಗಿ, ಬಾವಿ ತೋಡಿಸಿದೀನಿ."

ಚಪ್ಪಲಿ ಬಿಡಲು ಬಗ್ಗಿದೆ. ಅವಳು ಕೈ ಅಡ್ಡ ಹಿಡಿದಳು. ಗುಡಿಸಲೊಳಗೆ ಹೋಗಿ ಹೊಸ ಗಂಬೂಟು ಒಂದು ಜೊತೆ ತಂದು ನನ್ನ ಮುಂದೆ ಇಟ್ಟಳು.

ಬೂಟು ಎತ್ತಿ ಬೋರಲು ಹಾಕಿ ನೋಡಿದೆ. ದಪ್ಪನೆಯ ಅಡಿ. ಅದರ ಮೇಲೆ ಇನ್ನೊಂದು ಪದರ ಟೈರಿನ ರಬ್ಬರು, ಸುತ್ತಲೂ ಹತ್ತಿರ ಹತ್ತಿರವಾಗಿ ಮೊಳೆ ಹೊಡೆಸಿದ್ದಳು. ಬಿಟ್ಟುಹೋಗಬಹುದಾದ ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ.

ಆಷಾಢ ಮುಗಿದರೆ ಒಂದು ವರ್ಷ. ದಿನಾ ಏಳಕ್ಕೆ ಹೋಗುತ್ತೇನೆ, ಬಗ್ಗಿ ಕಳೆ ಕೀಳುತ್ತೇನೆ, ಬರುವಾಗ ಎರಡು ಬಿಂದಿಗೆ ನೀರು ತರುತ್ತೇನೆ. ಕೈಯೆಲ್ಲ ಒಡೆದಿದೆ. ಪಾದ ಇನ್ನೂ ಬೆಣ್ಣೆಯ ಹಾಗೇ ಇದೆ. ಕೆಂಚಕ್ಕ ಪಕ್ಕದ ಸಾಲಿನಲ್ಲಿ ಬರಿಗಾಲಲ್ಲಿ ನಡೆಯುತ್ತಾ ಒಮ್ಮೊಮ್ಮೆ "ಇವತ್ತು ಮಣ್ಣು ತಣ್ಣಗದೆ ಅಲ್ವಾ?" ಎನ್ನುತ್ತಾಳೆ. ಹೌದು ಎನ್ನುತ್ತೇನೆ. ನನಗೆ ಗೊತ್ತಾಗುವುದಿಲ್ಲ.